ಕಲಂ 81: ಟರ್ಕಿಯ ಕುರ್ದರೂ ಪಕ್ಷ ಮುಚ್ಚಿಸುವ ಕಾನೂನೂ

(ದತ್ತಿ ಉಪನ್ಯಾಸದ ಬರಹ ರೂಪ)



ಒಂದು ಚುನಾವಣೆಯ ಲೆಕ್ಕದಿಂದ ಶುರುಮಾಡುತ್ತೇನೆ. 2002ರ ನವೆಂಬರ್ 3ರಂದು ಟರ್ಕಿಯಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಆ ದೇಶದ ಆಗ್ನೇಯ ಮೂಲೆಯಲ್ಲಿ ಇರಾಕ್ ಮತ್ತು ಸಿರಿಯಾ ಗಡಿಗೆ ತಾಗಿಕೊಂಡು ಶಿರ್ನಾಕ್ ಎಂಬ ಪ್ರಾಂತ್ಯವಿದೆ. ಅದಕ್ಕಿದ್ದದ್ದು ಮೂರು ಸ್ಥಾನ. ಅಲ್ಲಿ ಬಿದ್ದ ಮತ 1,03,111. ಕುರ್ದರ ಪಕ್ಷವಾದ ದೆಹಾಪ್‌ಗೆ ಬಂದದ್ದು 47,449, ಅಂದರೆ ಸುಮಾರು ಶೇ 46. ಅದು ಗೆದ್ದ ಸ್ಥಾನ ಸೊನ್ನೆ. ಶೇ 14ರಷ್ಟು ಮತ ಪಡೆದ ಎಕೆ ಪಕ್ಷಕ್ಕೆ ಎರಡು ಸ್ಥಾನ ಹೋಯಿತು, ಶೇ 10ನ್ನೂ ಮುಟ್ಟದ ಒಬ್ಬ ಪಕ್ಷೇತರರಿಗೆ ಒಂದು.

ಮತ ಕದ್ದಿರಲಿಲ್ಲ, ಎಣಿಕೆ ತಪ್ಪಿರಲಿಲ್ಲ. ದೇಶದಾದ್ಯಂತ ಶೇ 10 ಮತ ಪಡೆಯದ ಪಕ್ಷಕ್ಕೆ ಎಲ್ಲಿಯೂ ಸ್ಥಾನವಿಲ್ಲ ಎಂಬುದು ಸೇನಾಡಳಿತದ ಕಾಲದಲ್ಲಿ, 1983ರಲ್ಲಿ, ಬಂದ ನಿಯಮ. ದೆಹಾಪ್‌ಗೆ ದೇಶಮಟ್ಟದಲ್ಲಿ ಸಿಕ್ಕಿದ್ದು ಶೇ 6ರ ಆಸುಪಾಸು. ಸೋತ ಅಭ್ಯರ್ಥಿಗಳಲ್ಲಿ ಇಬ್ಬರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ಮಿತಿ ಅತಿಯಾಯಿತು, ಆದರೆ ಹಕ್ಕಿನ ಉಲ್ಲಂಘನೆ ಆಗಿಲ್ಲ ಎಂದು 2008ರಲ್ಲಿ ತೀರ್ಪು ಬಂತು. 2022ರಲ್ಲಿ ಮಿತಿಯನ್ನು ಶೇ 7ಕ್ಕೆ ಇಳಿಸಿದರು.

ಈ ಮಿತಿಯ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ನಾನು ಮಾತನಾಡಬೇಕೆಂದಿರುವುದು ಇದಕ್ಕಿಂತ ಹಳೆಯದಾದ, ಇದಕ್ಕಿಂತ ನೇರವಾದ ಇನ್ನೊಂದು ಉಪಾಯದ ಬಗ್ಗೆ: ಪಕ್ಷವನ್ನೇ ಮುಚ್ಚಿಸುವುದು. ಟರ್ಕಿಯ ಸಂವಿಧಾನ ನ್ಯಾಯಾಲಯ 1962ರಲ್ಲಿ ಕೆಲಸ ಶುರುಮಾಡಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ಪಕ್ಷಗಳನ್ನು ಮುಚ್ಚಿಸಿದೆ. ಯುರೋಪಿನಲ್ಲಿ ಇಂಥ ದೇಶ ತೀರ ವಿರಳ. ಮುಚ್ಚಿಸಿದ್ದಕ್ಕೆ ಅಧಿಕೃತವಾಗಿ ಕೊಡುವ ಕಾರಣ ಭಯೋತ್ಪಾದನೆ, ಪ್ರತ್ಯೇಕತೆ. ತೀರ್ಪುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ನನಗೆ ಕಂಡದ್ದು ಬೇರೆ. ಆ ಕಾನೂನನ್ನು ಬರೆದಿರುವ ರೀತಿಯಲ್ಲಿ ಬಂದೂಕಿನ ಪ್ರಶ್ನೆ ಏಳುವುದೇ ಇಲ್ಲ. ಕುರ್ದರು ಎಂಬ ಜನ ಇದ್ದಾರೆ ಎಂದು ಪಕ್ಷವೊಂದು ಬರೆದುಕೊಂಡರೆ ಸಾಕಾಗುತ್ತಿತ್ತು.

ಕುರ್ದರು ನಾಲ್ಕು ದೇಶಗಳಲ್ಲಿ ಹರಡಿಕೊಂಡಿದ್ದಾರೆ. ಇರಾಕಿನ 2005ರ ಸಂವಿಧಾನ ಕುರ್ದಿ ಭಾಷೆಗೆ ಅರಬ್ಬಿಯ ಜೊತೆ ಅಧಿಕೃತ ಸ್ಥಾನ ಕೊಟ್ಟಿತು. ಇರಾನಿನಲ್ಲಿ ಕ್ರಾಂತಿಯಾದ ವರ್ಷವೇ, 1979ರಲ್ಲಿ, ಅವರ ಪ್ರಮುಖ ಪಕ್ಷವನ್ನು ನಿಷೇಧಿಸಿದರು. ಸಿರಿಯಾ 1962ರಲ್ಲಿ ಹಸಕಾ ಪ್ರಾಂತ್ಯದಲ್ಲಿ ಒಂದು ದಿನದ ಜನಗಣತಿ ನಡೆಸಿ ಸುಮಾರು 1,20,000 ಕುರ್ದರ ಪೌರತ್ವವನ್ನೇ ಕಿತ್ತುಕೊಂಡಿತು. ಟರ್ಕಿಯ ವಿಷಯ ಇವಕ್ಕಿಂತ ಸೂಕ್ಷ್ಮ. ಅಲ್ಲಿ ಚುನಾವಣೆಗಳಿವೆ, ಕೋರ್ಟುಗಳಿವೆ, ತಪ್ಪದೆ ಬರೆದ ತೀರ್ಪುಗಳಿವೆ. ವಕೀಲರಾಗುವವರು ಓದಬೇಕಾದ್ದು ಇಂಥ ದೇಶವನ್ನೇ.

ಬೇರು ಇರುವುದು 1923ರ ಲೊಸಾನ್ ಒಪ್ಪಂದದಲ್ಲಿ. ಅಲ್ಲಿ ಅಲ್ಪಸಂಖ್ಯಾತರೆಂದರೆ ಮುಸ್ಲಿಮೇತರರು. ವ್ಯವಹಾರದಲ್ಲಿ ಅದು ಗ್ರೀಕರು, ಆರ್ಮೇನಿಯನ್ನರು, ಯೆಹೂದಿಗಳಿಗೆ ಸೀಮಿತವಾಯಿತು. ಕುರ್ದರಲ್ಲಿ ಬಹುಪಾಲು ಮುಸ್ಲಿಮರು. ಆದ್ದರಿಂದ ಕಾನೂನಿನ ಕಣ್ಣಿಗೆ ಅವರು ಬಹುಸಂಖ್ಯಾತರೇ. ಅಂಕಾರಾದ ನ್ಯಾಯಮೂರ್ತಿಗಳು ಈ ವಾದವನ್ನು ಮತ್ತೆ ಮತ್ತೆ ಮುಂದಿಟ್ಟಿದ್ದಾರೆ: ಕುರ್ದ ಮೂಲದವನು ಶಾಸಕನಾಗಬಹುದು, ಸೇನಾಧಿಕಾರಿಯಾಗಬಹುದು, ರಾಷ್ಟ್ರಾಧ್ಯಕ್ಷನೂ ಆಗಬಹುದು, ಯಾವ ಬಾಗಿಲೂ ಮುಚ್ಚಿಲ್ಲ, ಹೀಗಿರುವಾಗ ಅವರನ್ನು ಅಲ್ಪಸಂಖ್ಯಾತರೆಂದು ಕರೆಯುವುದೇ ಅವರನ್ನು ಕೆಳಗಿಳಿಸಿದಂತೆ. ಇದನ್ನು ಹಾಸ್ಯ ಮಾಡಿ ತಳ್ಳಿಹಾಕುವಂತಿಲ್ಲ. ರಾಷ್ಟ್ರಾಧ್ಯಕ್ಷ ತುರ್ಗುತ್ ಓಜಾಲ್ ತಮ್ಮಲ್ಲಿ ಕುರ್ದ ರಕ್ತ ಇದೆಯೆಂದು ತಾವೇ ಹೇಳಿಕೊಂಡವರು. ಬಾಗಿಲು ನಿಜಕ್ಕೂ ತೆರೆದಿತ್ತು. ಒಳಗೆ ಬರುವಾಗ ತಾನು ಕುರ್ದ ಎಂಬುದನ್ನು ಹೊಸ್ತಿಲಾಚೆ ಬಿಟ್ಟು ಬರಬೇಕಿತ್ತು, ಅಷ್ಟೆ.

ಅದೇ ಲೊಸಾನ್ ಒಪ್ಪಂದದ 39ನೆಯ ಕಲಂ ಇನ್ನೊಂದು ಮಾತು ಹೇಳುತ್ತದೆ. ಅದನ್ನು ನೆನೆಯುವವರು ಕಡಿಮೆ. ಟರ್ಕಿಯ ಯಾವುದೇ ಪ್ರಜೆ ಖಾಸಗಿ ವ್ಯವಹಾರದಲ್ಲಿ, ವ್ಯಾಪಾರದಲ್ಲಿ, ಧರ್ಮದಲ್ಲಿ, ಪತ್ರಿಕೆಯಲ್ಲಿ, ಸಾರ್ವಜನಿಕ ಸಭೆಯಲ್ಲಿ ಯಾವುದೇ ಭಾಷೆ ಬಳಸಲು ಅಡ್ಡಿ ಮಾಡಕೂಡದು ಎಂದು. ಅಲ್ಪಸಂಖ್ಯಾತ ಎಂಬ ಷರತ್ತು ಇಲ್ಲಿ ಇಲ್ಲ, ಎಲ್ಲ ಪ್ರಜೆಗಳಿಗೂ ಅನ್ವಯ. ಗಣರಾಜ್ಯಕ್ಕೆ ಅಡಿಪಾಯವಾದ ಒಪ್ಪಂದವೇ ಕೊಟ್ಟ ಈ ಹಕ್ಕಿನ ಮೇಲೆ ಅರವತ್ತು ವರ್ಷಗಳ ನಂತರ 1983ರ 2932ನೆಯ ಕಾನೂನು ಬಂತು. ಟರ್ಕಿ ಮಾನ್ಯ ಮಾಡಿರುವ ದೇಶಗಳ ಮೊದಲ ಅಧಿಕೃತ ಭಾಷೆಗಳನ್ನು ಬಿಟ್ಟು ಬೇರೆ ಭಾಷೆಯಲ್ಲಿ ಪ್ರಕಟಣೆ ನಿಷಿದ್ಧ ಎಂದು ಅದು ಹೇಳಿತು. ಕುರ್ದಿ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ‘ಮೊದಲ’ ಎಂಬ ವಿಶೇಷಣ ಯಾಕೆ ಬಂತೆಂದರೆ, ಇರಾಕಿನಲ್ಲಿ ಕುರ್ದಿಗೆ ಎರಡನೆಯ ಸ್ಥಾನ ಇತ್ತು. ಕರಡು ಬರೆದವರ ಜಾಣ್ಮೆಯನ್ನು ಮೆಚ್ಚಲೇಬೇಕು! 1991ರಲ್ಲಿ ಓಜಾಲ್ ಕಾಲದಲ್ಲಿ ಅದನ್ನು ರದ್ದುಮಾಡಿದರು.

ರದ್ದಾಗದೆ ಉಳಿದದ್ದು ಅದೇ 1983ರ ಇನ್ನೊಂದು ಕಾನೂನು, ರಾಜಕೀಯ ಪಕ್ಷಗಳ 2820ನೆಯ ಕಾನೂನು. ಅದರ 81ನೆಯ ಕಲಂ ಪ್ರಕಾರ, ರಾಷ್ಟ್ರೀಯತೆ, ಧರ್ಮ, ಪಂಥ, ಜನಾಂಗ ಅಥವಾ ಭಾಷೆಯ ಆಧಾರದ ಮೇಲೆ ಟರ್ಕಿಯಲ್ಲಿ ಅಲ್ಪಸಂಖ್ಯಾತರು ಇದ್ದಾರೆಂದು ಯಾವ ಪಕ್ಷವೂ ಪ್ರತಿಪಾದಿಸುವಂತಿಲ್ಲ. ತುರ್ಕಿಯಲ್ಲದ ಭಾಷೆ, ಸಂಸ್ಕೃತಿಗಳನ್ನು ಉಳಿಸಿ ಬೆಳೆಸುವ ಮೂಲಕ ಅಲ್ಪಸಂಖ್ಯಾತರನ್ನು ಸೃಷ್ಟಿಸುವಂತಿಲ್ಲ. ಪಕ್ಷದ ಸಭೆ, ನಿಯಮಾವಳಿ, ಭಿತ್ತಿಪತ್ರ ಯಾವುದರಲ್ಲೂ ಬೇರೆ ಭಾಷೆ ಬಳಸುವಂತಿಲ್ಲ. ಸಾಮಾನ್ಯವಾಗಿ ಕಾನೂನು ಒಂದು ಕೃತ್ಯವನ್ನು ನಿಷೇಧಿಸುತ್ತದೆ. ಇದು ಒಂದು ವಾಸ್ತವವನ್ನು ಹೇಳುವುದನ್ನು ನಿಷೇಧಿಸಿತು. ಚುನಾವಣಾ ಪ್ರಚಾರದ ಭಾಷೆಯ ಮಟ್ಟಿಗೆ 2014ರಲ್ಲಿ ಸಡಿಲಿಕೆ ಬಂತು. ಉಳಿದ ತಿರುಳು ಹಾಗೇ ಇದೆ.

ಈ ತರ್ಕ 1983ರಲ್ಲಿ ಹುಟ್ಟಿದ್ದಲ್ಲ. ಟರ್ಕಿ ಕಾರ್ಮಿಕರ ಪಕ್ಷ 1970ರ ಅಧಿವೇಶನದಲ್ಲಿ ದೇಶದ ಪೂರ್ವಭಾಗದಲ್ಲಿ ಕುರ್ದ ಜನ ವಾಸವಾಗಿದ್ದಾರೆ ಎಂದು ನಿರ್ಣಯ ಮಾಡಿತು. ಮರುವರ್ಷ ಅದನ್ನು ಮುಚ್ಚಿಸಿದರು. ಕುರ್ದರ ಹೆಸರಿನಲ್ಲಿ ಪಿಕೆಕೆ ಎಂಬ ಸಶಸ್ತ್ರ ಸಂಘಟನೆ ಹುಟ್ಟಿದ್ದು 1978ರಲ್ಲಿ, ಅದು ಸರ್ಕಾರದ ವಿರುದ್ಧ ದಂಗೆ ಶುರುಮಾಡಿದ್ದು 1984ರ ಆಗಸ್ಟ್‌ನಲ್ಲಿ. ಈ ಇಸವಿಗಳ ಅನುಕ್ರಮವನ್ನು ದಯವಿಟ್ಟು ಗಮನಿಸಿ. ಕುರ್ದರ ಬಗ್ಗೆ ಮಾತಾಡಿದ ಪಕ್ಷ ಮುಚ್ಚುವಾಗ ಬಂದೂಕು ಇನ್ನೂ ಬಂದಿರಲಿಲ್ಲ.

ಕುರ್ದರದೇ ಎನ್ನಬಹುದಾದ ಮೊದಲ ಕಾನೂನುಬದ್ಧ ಪಕ್ಷ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1989ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಕುರ್ದರ ಬಗ್ಗೆ ಒಂದು ಸಮ್ಮೇಳನವಾಯಿತು. ಅದಕ್ಕೆ ಹೋದ ತಪ್ಪಿಗೆ ಏಳು ಸಂಸದರನ್ನು ಎಸ್‌ಎಚ್‌ಪಿ ಎಂಬ ಸಮಾಜವಾದಿ ಪಕ್ಷ ಹೊರಹಾಕಿತು. ಹೊರಬಿದ್ದವರು ಮತ್ತು ಅವರ ಬೆಂಬಲಿಗರು 1990ರ ಜೂನ್‌ನಲ್ಲಿ ಹೆಪ್ ಕಟ್ಟಿದರು. ಜನರ ದುಡಿಮೆಯ ಪಕ್ಷ ಎಂದು ಅದರ ಹೆಸರು. ಹೆಸರಿನಲ್ಲಿ ಕುರ್ದ ಎಂಬ ಸುಳಿವೂ ಇಲ್ಲ, ಇರುವಂತೆಯೂ ಇರಲಿಲ್ಲ. 1991ರ ಚುನಾವಣೆಯಲ್ಲಿ ಶೇ 10ರ ಮಿತಿ ದಾಟಲು ಇದೇ ಜನ, ತಮ್ಮನ್ನು ಹೊರಹಾಕಿದ ಅದೇ ಎಸ್‌ಎಚ್‌ಪಿಯ ಪಟ್ಟಿಯಲ್ಲಿ ನಿಂತು ಇಪ್ಪತ್ತಕ್ಕೂ ಹೆಚ್ಚು ಸ್ಥಾನ ಗೆದ್ದರು. ರಾಜಕಾರಣದಲ್ಲಿ ಇಂಥವು ನಮಗೇನು ಹೊಸದಲ್ಲ.

ಗೆದ್ದವರಲ್ಲಿ ಒಬ್ಬರು ದಿಯಾರ್‌ಬಕಿರ್‌ನ ಲೈಲಾ ಜಾನಾ, ಮೂವತ್ತರ ಹರೆಯದವರು. 1991ರ ನವೆಂಬರ್ 6ರಂದು ಪ್ರಮಾಣವಚನವನ್ನು ತುರ್ಕಿಯಲ್ಲಿ ಪೂರ್ತಿ ಓದಿದರು. ಆಮೇಲೆ ಕುರ್ದಿಯಲ್ಲಿ ಒಂದು ವಾಕ್ಯ ಸೇರಿಸಿದರು. ತುರ್ಕರು, ಕುರ್ದರು ಸೋದರರಂತೆ ಬಾಳಲೆಂಬ ಅರ್ಥದ ಮಾತು ಅದು. ತಲೆಗೆ ಕಟ್ಟಿದ ಪಟ್ಟಿಯಲ್ಲಿ ಕುರ್ದರ ಗುರುತಾದ ಹಳದಿ, ಕೆಂಪು, ಹಸಿರು ಬಣ್ಣಗಳಿದ್ದವು. ಸದನದಲ್ಲಿ ಮೇಜು ಗುದ್ದಾಟ, ಕೂಗಾಟ. 1993ರ ಜುಲೈ 14ರಂದು ಹೆಪ್ ಮುಚ್ಚಿತು. ಮುಂಜಾಗ್ರತೆಗೆ ಕಟ್ಟಿಟ್ಟುಕೊಂಡಿದ್ದ ದೆಪ್‌ಗೆ ಸದಸ್ಯರು ಆಗಲೇ ಸೇರಿದ್ದರು. ಆ ಪಕ್ಷದ ಸಂಸದ ಮೆಹಮೆತ್ ಸಿಂಜಾರ್ ಅವರನ್ನು ಬತ್‌ಮಾನ್‌ನಲ್ಲಿ ಹಾಡಹಗಲೇ ಕೊಂದರು. 1994ರ ಮಾರ್ಚ್‌ನಲ್ಲಿ ದೆಪ್ ಸಂಸದರ ಸಂಸದೀಯ ರಕ್ಷಣೆ ತೆಗೆದು ಬಂಧಿಸಿದರು, ಜೂನ್‌ನಲ್ಲಿ ಪಕ್ಷ ಮುಚ್ಚಿಸಿದರು, ಡಿಸೆಂಬರ್‌ನಲ್ಲಿ ಲೈಲಾ ಜಾನಾ, ಹತಿಪ್ ದಿಜ್ಲೆ, ಒರ್ಹಾನ್ ದೋಆನ್, ಸೆಲಿಮ್ ಸದಾಕ್ ಅವರಿಗೆ 15 ವರ್ಷದ ಶಿಕ್ಷೆಯಾಯಿತು. ಮರುವರ್ಷ ಯುರೋಪಿಯನ್ ಸಂಸತ್ತು ಜಾನಾ ಅವರಿಗೆ ಸಖರೋವ್ ಪ್ರಶಸ್ತಿ ಕೊಟ್ಟಿತು. ಅವರು ಹೊರಬಂದದ್ದು 2004ರಲ್ಲಿ.

ಆಮೇಲಿನದು ಸರಣಿ. ಹಾದೆಪ್ 1994ರಲ್ಲಿ ಹುಟ್ಟಿ 2003ರಲ್ಲಿ ಮುಚ್ಚಿತು. ದೆಹಾಪ್ ಮೊಕದ್ದಮೆ ನಡೆಯುತ್ತಿರುವಾಗಲೇ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಡಿಟಿಪಿ 2005ರಲ್ಲಿ ಬಂದು 2009ರ ಡಿಸೆಂಬರ್ 11ರಂದು ಹೋಯಿತು. ನಂತರ ಬಿಡಿಪಿ, ಎಚ್‌ಡಿಪಿ, ಈಗ ದೆಮ್. ಪ್ರತಿ ಸಲವೂ ಬೋರ್ಡು ಬದಲಾಯಿತು, ಅಂಗಡಿ ಅದೇ, ಗಿರಾಕಿಗಳೂ ಅವರೇ. 2023ರಲ್ಲಿ ಹೊಸ ಪಕ್ಷಕ್ಕೆ ‘ಹೆದೆಪ್’ ಎಂಬ ಸಂಕ್ಷಿಪ್ತನಾಮ ಇಟ್ಟುಕೊಂಡರೆ ಅದು ಮುಚ್ಚಿದ ಹಾದೆಪ್‌ನಂತೆ ಕೇಳಿಸುತ್ತದೆಂದು ಅಧಿಕಾರಿಗಳು ಒಪ್ಪಲಿಲ್ಲ. ಹಾಗಾಗಿ ‘ದೆಮ್’ ಆಯಿತು.

ಮುಚ್ಚುವಿಕೆಯಿಂದ ಏನೂ ಆಗಲಿಲ್ಲ ಎಂದು ಇದರಿಂದ ತೀರ್ಮಾನಿಸಬೇಡಿ. ಪಕ್ಷದ ಆಸ್ತಿ ಸರ್ಕಾರಕ್ಕೆ ಹೋಗುತ್ತದೆ. ಪಳಗಿದ ನಾಯಕರ ಮೇಲೆ ಐದು ವರ್ಷ ನಿಷೇಧ ಬೀಳುತ್ತದೆ. ಡಿಟಿಪಿ ಪ್ರಕರಣದಲ್ಲಿ ಹಾಗೆ 37 ಮಂದಿ, ಅಧ್ಯಕ್ಷ ಅಹ್ಮೆತ್ ತುರ್ಕ್ ಮತ್ತು ಆಯ್ಸೆಲ್ ತುಲುಕ್ ಸಂಸದ ಸ್ಥಾನವನ್ನೂ ಕಳೆದುಕೊಂಡರು. ಇಬ್ಬರು ಹೋದ ಮೇಲೆ ಉಳಿದವರು 19. ಸದನದಲ್ಲಿ ಗುಂಪೆಂದು ಮಾನ್ಯತೆ ಸಿಗಲು 20 ಬೇಕು. ಕೊನೆಗೆ ಇಸ್ತಾಂಬುಲ್‌ನ ಎಡಪಂಥೀಯ ಪಕ್ಷೇತರ ಸಂಸದ ಉಫುಕ್ ಉರಾಸ್ ಬಿಡಿಪಿಗೆ ಸೇರಿ ಲೆಕ್ಕ ತುಂಬಿಸಿದರು. ಇಡೀ ಒಂದು ಜನರ ಸದನದ ದನಿ ಒಬ್ಬ ಮನುಷ್ಯನ ಔದಾರ್ಯದ ಮೇಲೆ ನಿಂತಿತ್ತು.

ಸ್ಟ್ರಾಸ್‌ಬರ್ಗ್ ಏನು ಹೇಳಿತು? ಬುಡದ ತೀರ್ಪು 1998ರ ಜನವರಿಯದು, ಟರ್ಕಿಯ ಸಂಯುಕ್ತ ಕಮ್ಯುನಿಸ್ಟ್ ಪಕ್ಷದ್ದು. ಆ ಪಕ್ಷ ಹುಟ್ಟಿದ ಹತ್ತೇ ದಿನಕ್ಕೆ ಅದರ ಮೇಲೆ ಮೊಕದ್ದಮೆ ಬಿದ್ದಿತ್ತು. ಕೆಲಸ ಶುರುಮಾಡಲೂ ಬಿಡುವಿರಲಿಲ್ಲ, ಸಾಕ್ಷ್ಯವೆಂದು ಇದ್ದದ್ದು ಅದರ ಹೆಸರು ಮತ್ತು ಕಾರ್ಯಕ್ರಮದ ಹೊತ್ತಗೆ ಮಾತ್ರ. ದೇಶದ ಜನರಲ್ಲಿ ಒಂದು ಭಾಗದ ಸ್ಥಿತಿಗತಿಯನ್ನು ಬಹಿರಂಗವಾಗಿ ಚರ್ಚಿಸಿ, ಪ್ರಜಾಸತ್ತೆಯ ನಿಯಮದೊಳಗೆ ಪರಿಹಾರ ಹುಡುಕುತ್ತೇವೆ ಎಂದಷ್ಟಕ್ಕೇ ಒಂದು ಪಕ್ಷವನ್ನು ತಡೆಯುವುದು ಸಲ್ಲದು ಎಂದಿತು ಮಹಾಪೀಠ. 1999ರ ಓಜ್‌ದೆಪ್ ತೀರ್ಪು ಅದನ್ನು ಗಟ್ಟಿಮಾಡಿತು. ಆ ಪಕ್ಷದವರು ಹೆದರಿ ತಾವೇ ವಿಸರ್ಜಿಸಿಕೊಂಡಿದ್ದರು, ಅಂಕಾರಾದ ಕೋರ್ಟು ಅದರ ನಂತರವೂ ಮುಚ್ಚಿಸಿತ್ತು. ಹೆಪ್‌ಗೆ 2002ರ ಏಪ್ರಿಲ್‌ನಲ್ಲಿ, ದೆಪ್‌ಗೆ ಅದೇ ಡಿಸೆಂಬರ್‌ನಲ್ಲಿ, ಹಾದೆಪ್‌ಗೆ 2010ರಲ್ಲಿ, ಡಿಟಿಪಿಗೆ 2016ರಲ್ಲಿ ಗೆಲುವು ಸಿಕ್ಕಿತು. ಮುಚ್ಚಿದ್ದಕ್ಕೂ ಗೆದ್ದದ್ದಕ್ಕೂ ನಡುವೆ ಆರರಿಂದ ಒಂಬತ್ತು ವರ್ಷ. ತೀರ್ಪು ಬರುವ ಹೊತ್ತಿಗೆ ಎರಡು ಹೊಸ ಪಕ್ಷ ಬಂದು ಹೋಗಿರುತ್ತಿತ್ತು. ಸ್ಟ್ರಾಸ್‌ಬರ್ಗ್ ಸತ್ತ ಪಕ್ಷವನ್ನು ಎಬ್ಬಿಸುವುದಿಲ್ಲ, ಪರಿಹಾರದ ಮೊತ್ತ ಗೊತ್ತುಮಾಡುತ್ತದೆ. ಅದನ್ನು ಕಟ್ಟುವುದು ಸರ್ಕಾರಕ್ಕೆ ಭಾರವಲ್ಲ.

ಇಲ್ಲಿ ಸಭಿಕರಲ್ಲಿ ಒಬ್ಬರಾದರೂ ಕೇಳಬೇಕಾದ ಪ್ರಶ್ನೆ ಇದೆ. ಈ ಪಕ್ಷಗಳಿಗೂ ಪಿಕೆಕೆಗೂ ನಂಟಿರಲಿಲ್ಲವೆ? ಇತ್ತು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತ ಸಂಘರ್ಷ ಅದು. ಶಾಲಾ ಮೇಷ್ಟ್ರುಗಳನ್ನೂ ಹಳ್ಳಿಯ ಕಾವಲುಗಾರರ ಮನೆಯವರನ್ನೂ ಪಿಕೆಕೆ ಕೊಂದಿದೆ. ಅದನ್ನು ಭಯೋತ್ಪಾದಕ ಸಂಘಟನೆ ಎಂದು ಕರೆಯಲು ಕುರ್ದರ ಪಕ್ಷಗಳು ಕೊನೆಯವರೆಗೂ ಒಪ್ಪಲಿಲ್ಲ. ಮತದಾರರು ಅವರೇ, ಬೆಟ್ಟ ಹತ್ತಿದ ಹುಡುಗರ ಅಪ್ಪ ಅಮ್ಮಂದಿರೂ ಅವರೇ. ಈ ಸಂಕಟ ಅರ್ಥವಾಗುತ್ತದೆ. ಆದರೂ ಆ ಮೌನದಲ್ಲಿ ಒಂದು ಹೊಣೆಗೇಡಿತನ ಇತ್ತು ಎಂದೇ ನನ್ನ ಎಣಿಕೆ. ಅದು ಎದುರಾಳಿಗೆ ಬಿಟ್ಟಿಯಾಗಿ ವಾದ ಒದಗಿಸಿತು.

ಹಿಂಸೆಗೆ ಬೆನ್ನಾದ ಪಕ್ಷವನ್ನು ಮುಚ್ಚಿಸುವುದು ಯುರೋಪಿನ ಕಾನೂನಿಗೆ ಒಪ್ಪಿತವೇ. ಸ್ಪೇನಿನ ಬಾಸ್ಕ್ ಪ್ರದೇಶದ ಎರಿ ಬತಸುನಾ ಪಕ್ಷವನ್ನು ನಿಷೇಧಿಸಿದ್ದನ್ನು ಇದೇ ಸ್ಟ್ರಾಸ್‌ಬರ್ಗ್ 2009ರಲ್ಲಿ ಎತ್ತಿಹಿಡಿಯಿತು. ಅಲ್ಲಿ ನ್ಯಾಯಮೂರ್ತಿಗಳು ಪಕ್ಷದ ನಡೆಯನ್ನು, ಇಟಿಎ ಎಂಬ ಸಶಸ್ತ್ರ ಸಂಘಟನೆಯೊಂದಿಗಿನ ಕೊಂಡಿಗಳನ್ನು ಪುಟಗಟ್ಟಲೆ ಪರಿಶೀಲಿಸಿದ್ದರು. ಬಾಸ್ಕ್ ಸ್ವಾತಂತ್ರ್ಯದ ಬೇಡಿಕೆ ಮಾತ್ರ ಅಲ್ಲಿ ಅಪರಾಧವಾಗಿರಲಿಲ್ಲ; ಅದನ್ನೇ ಕೇಳುವ ಬೇರೆ ಪಕ್ಷಗಳು ಆರಾಮವಾಗಿದ್ದವು. ಟರ್ಕಿಯ 81ನೆಯ ಕಲಮಿನಡಿ ಇಂಥ ಪರಿಶೀಲನೆಗೆ ಜಾಗವೇ ಇರಲಿಲ್ಲ. ಭಾಷೆಯ ಹಕ್ಕು ಕೇಳಿದವನೂ ಬಾಂಬಿಟ್ಟವನೂ ಒಂದೇ ಶಿಕ್ಷೆಯ ಕೆಳಗೆ ಬಂದರು. ಪಿಕೆಕೆಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿರಲಾರರು. ಮತಪೆಟ್ಟಿಗೆಯ ದಾರಿ ಎಲ್ಲಿಗೂ ಹೋಗುವುದಿಲ್ಲ ಎಂದು ಅವರು ಹೇಳುತ್ತಿದ್ದರು, ಕೋರ್ಟು ಕೆಲವು ವರ್ಷಕ್ಕೊಮ್ಮೆ ಮುದ್ರೆ ಒತ್ತಿ ಅದನ್ನು ಖಾತ್ರಿ ಮಾಡುತ್ತಿತ್ತು.

ಈ ಕತ್ತಿ ಎಕೆ ಪಕ್ಷದ ಕೊರಳಿಗೂ ಬಂದಿತ್ತು ಎಂಬುದನ್ನು ಮರೆಯಬಾರದು. ಜಾತ್ಯತೀತತೆಯ ವಿರುದ್ಧ ನಡೆಯುತ್ತಿದೆ ಎಂಬ ಆರೋಪದ ಮೇಲೆ ಆಳುವ ಪಕ್ಷವನ್ನೇ ಮುಚ್ಚಿಸಲು 2008ರಲ್ಲಿ ಮೊಕದ್ದಮೆಯಾಯಿತು. ಹನ್ನೊಂದರಲ್ಲಿ ಆರು ನ್ಯಾಯಮೂರ್ತಿಗಳು ಮುಚ್ಚಿಸಿ ಎಂದರು, ಬೇಕಿದ್ದದ್ದು ಏಳು. ಒಂದು ಮತದಲ್ಲಿ ಬದುಕಿದ ಪಕ್ಷ 2010ರಲ್ಲಿ ಸಂವಿಧಾನ ತಿದ್ದುಪಡಿ ತಂದು, ಸಂಸತ್ತಿನ ಒಪ್ಪಿಗೆಯಿಲ್ಲದೆ ಯಾವ ಪಕ್ಷದ ಮೇಲೂ ಇಂಥ ಮೊಕದ್ದಮೆ ಹೂಡಬಾರದು ಎಂಬ ಕಲಂ ಸೇರಿಸಲು ಹೊರಟಿತು. 330 ಮತ ಬೇಕಿತ್ತು, ಬಿದ್ದದ್ದು 327. ಆಳುವ ಪಕ್ಷದವರೇ ಕೆಲವರು ಕೈಕೊಟ್ಟಿದ್ದರು. ಚುನಾವಣಾ ಮಿತಿ ಇಳಿಸುವ ಮಾತೇ ಇಲ್ಲದ ತಿದ್ದುಪಡಿ ನಮಗೆ ಬೇಡವೆಂದು ಬಿಡಿಪಿ ಮತದಾನದಿಂದ ದೂರ ಉಳಿದಿತ್ತು. ತನ್ನನ್ನೇ ಕಾಯಬಹುದಾಗಿದ್ದ ಕಲಮನ್ನು ಅದು ಬೀಳಲು ಬಿಟ್ಟಿತು. ಸಿಟ್ಟು ನ್ಯಾಯವಾದದ್ದು, ಲೆಕ್ಕ ಮಾತ್ರ ಕೆಟ್ಟದ್ದು.

2015ರ ಜೂನ್ 7ರಂದು ಎಚ್‌ಡಿಪಿ ಶೇ 13ರಷ್ಟು ಮತ, 80 ಸ್ಥಾನ ಗೆದ್ದು ಮಿತಿಯ ಗೋಡೆಯನ್ನು ಹಾರಿತು. ಎಕೆ ಪಕ್ಷ 2002ರ ನಂತರ ಮೊದಲ ಸಲ ಬಹುಮತ ಕಳೆದುಕೊಂಡಿತು. ಮರುವರ್ಷ ಮೇನಲ್ಲಿ ಸಂಸದರ ರಕ್ಷಣೆ ತೆಗೆಯುವ ತಾತ್ಕಾಲಿಕ ತಿದ್ದುಪಡಿ ಬಂತು, ಮುಖ್ಯ ವಿರೋಧ ಪಕ್ಷ ಸಿಎಚ್‌ಪಿಯ ನಾಯಕತ್ವವೂ ಕೈಜೋಡಿಸಿತು. ನವೆಂಬರ್ 4ರಂದು ಸಹಾಧ್ಯಕ್ಷರಾದ ಸೆಲಾಹತ್ತಿನ್ ದೆಮಿರ್ತಾಶ್ ಮತ್ತು ಫಿಗೆನ್ ಯುಕ್ಸೆಕ್‌ದಾ ಜೈಲಿಗೆ ಹೋದರು. ದೆಮಿರ್ತಾಶ್ ಅವರನ್ನು ಕೂಡಲೇ ಬಿಡಬೇಕೆಂದು ಸ್ಟ್ರಾಸ್‌ಬರ್ಗ್‌ನ ಮಹಾಪೀಠ 2020ರ ಡಿಸೆಂಬರ್‌ನಲ್ಲಿ ಹೇಳಿತು. 2024ರಲ್ಲಿ ಅವರಿಗೆ 42 ವರ್ಷದ ಶಿಕ್ಷೆ ಬಿತ್ತು. ಎಚ್‌ಡಿಪಿಯನ್ನೇ ಮುಚ್ಚಿಸುವ ಮೊಕದ್ದಮೆ 2021ರ ಮಾರ್ಚ್‌ನಲ್ಲಿ ಬಂದು, ಲೋಪಗಳಿವೆಯೆಂದು ವಾಪಸಾಗಿ, ಜೂನ್‌ನಲ್ಲಿ ಮತ್ತೆ ದಾಖಲಾಯಿತು. ಅದು ತೀರ್ಪಿಲ್ಲದೆ ವರ್ಷಗಟ್ಟಲೆ ನೇತಾಡಿತು. ಆ ಭಯಕ್ಕೇ ಪಕ್ಷ 2023ರ ಚುನಾವಣೆಯನ್ನು ಹಸಿರು ಎಡ ಪಕ್ಷದ ಹೆಸರಿನಲ್ಲಿ ಎದುರಿಸಿತು. ತೀರ್ಪು ಕೊಡದೆಯೂ ನಿಷೇಧದ ಫಲ ಪಡೆಯಬಹುದೆಂದು ತಿಳಿದದ್ದು ಇಲ್ಲಿ.

ಇನ್ನೊಂದು ಹೊಸ ಪದ್ಧತಿ ಕಯ್ಯೂಮ್. ನಮ್ಮ ಭಾಷೆಯಲ್ಲಿ ಆಡಳಿತಾಧಿಕಾರಿ. ಚುನಾಯಿತ ಮೇಯರನ್ನು ಭಯೋತ್ಪಾದನೆಯ ತನಿಖೆಯ ಹೆಸರಿನಲ್ಲಿ ತೆಗೆದು ಒಳಾಡಳಿತ ಸಚಿವಾಲಯ ತನ್ನವರನ್ನು ಕೂರಿಸುವುದು. 2016ರಿಂದ ಕುರ್ದ ಪ್ರದೇಶದ ಬಹುಪಾಲು ನಗರಸಭೆಗಳಿಗೆ ಇದಾಯಿತು. ಮಾರ್ದಿನ್‌ನ ಜನ ಅಹ್ಮೆತ್ ತುರ್ಕ್ ಅವರನ್ನು ಮೂರು ಸಲ ಮೇಯರ್ ಮಾಡಿದರು. 2016, 2019, 2024 ಮೂರು ಸಲವೂ ಸರ್ಕಾರ ಅವರನ್ನು ಇಳಿಸಿತು. ಮೂರನೆಯ ಸಲ ಅವರ ವಯಸ್ಸು ಎಂಬತ್ತು ದಾಟಿತ್ತು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾಮಾಡಿದಾಗ ಅವರು ಕೋರ್ಟಿಗೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟ್, ಬಹುಮತವನ್ನು ಸದನದಲ್ಲೇ ಪರೀಕ್ಷಿಸಬೇಕು, ವಜಾ ಆದೇಶ ನ್ಯಾಯಾಂಗದ ಪರಿಶೀಲನೆಗೆ ಒಳಪಟ್ಟಿದೆ ಎಂದಿತು. ಆ ತೀರ್ಪಿನ ನಂತರ ನಮ್ಮಲ್ಲಿ 356ನೆಯ ವಿಧಿಯ ದುರ್ಬಳಕೆ ಕಡಿಮೆಯಾಯಿತು. ಟರ್ಕಿಯ ನಗರಸಭೆಗಳಿಗೆ ಅಂಥ ಬೊಮ್ಮಾಯಿ ತೀರ್ಪು ಸಿಕ್ಕಿಲ್ಲ. ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದೂ ಬೇಡ. ಡಿಎಂಕೆ ದ್ರಾವಿಡನಾಡಿನ ಬೇಡಿಕೆ ಕೈಬಿಟ್ಟದ್ದು ಪ್ರತ್ಯೇಕತಾ ವಾದಕ್ಕೆ ಕಡಿವಾಣ ಹಾಕಿದ 1963ರ ಹದಿನಾರನೆಯ ತಿದ್ದುಪಡಿಯ ನೆರಳಿನಲ್ಲಿ. ವ್ಯತ್ಯಾಸ ಇಷ್ಟೆ: ಪಕ್ಷವನ್ನು ಯಾರೂ ಮುಚ್ಚಿಸಲಿಲ್ಲ, ತಮಿಳರು ಇದ್ದಾರೆಂದು ಹೇಳುವುದನ್ನು ಯಾರೂ ತಡೆಯಲಿಲ್ಲ. ನಾಲ್ಕು ವರ್ಷದಲ್ಲಿ ಅವರು ಮದರಾಸಿನಲ್ಲಿ ಸರ್ಕಾರ ರಚಿಸಿದರು.

ಕುರ್ದರ ಮೇಲೆ ಪಳಗಿಸಿದ ಆಯುಧ ಅಲ್ಲಿಗೇ ನಿಲ್ಲಲಿಲ್ಲ. 2016ರಲ್ಲಿ ಸಂಸದರ ರಕ್ಷಣೆ ತೆಗೆಯಲು ಕೈಯೆತ್ತಿದ್ದ ಸಿಎಚ್‌ಪಿಯದೇ ಮೇಯರ್, ಇಸ್ತಾಂಬುಲ್‌ನ ಎಸೆನ್‌ಯುರ್ತ್‌ನ ಅಹ್ಮೆತ್ ಓಜೆರ್ 2024ರ ಅಕ್ಟೋಬರ್‌ನಲ್ಲಿ ಬಂಧಿತರಾಗಿ ಅಲ್ಲಿಗೂ ಆಡಳಿತಾಧಿಕಾರಿ ಬಂದರು. ಮುಂದಿನ ಮಾರ್ಚ್‌ನಲ್ಲಿ ಇಸ್ತಾಂಬುಲ್ ಮಹಾನಗರದ ಮೇಯರ್ ಎಕ್ರೆಮ್ ಇಮಾಮೋಲು ಅವರ ಬಂಧನದ ಸರದಿ.

ಈ ನಡುವೆ ಯಾರೂ ಎಣಿಸದ ತಿರುವು ಬಂತು. ಎಚ್‌ಡಿಪಿ ಮುಚ್ಚಲೇಬೇಕೆಂದು ಪಟ್ಟು ಹಿಡಿದಿದ್ದ ರಾಷ್ಟ್ರವಾದಿ ನಾಯಕ ದೆವ್ಲೆತ್ ಬಾಹ್‌ಚೆಲಿ 2024ರ ಅಕ್ಟೋಬರ್‌ನಲ್ಲಿ ಸದನದಲ್ಲಿ ದೆಮ್ ಪಕ್ಷದವರ ಕೈಕುಲುಕಿದರು. 1999ರಿಂದ ಜೈಲಿನಲ್ಲಿರುವ ಪಿಕೆಕೆ ಸ್ಥಾಪಕ ಅಬ್ದುಲ್ಲಾ ಓಜಲಾನ್ 2025ರ ಫೆಬ್ರುವರಿ 27ರಂದು ಪಿಕೆಕೆ ವಿಸರ್ಜನೆಗೆ ಕರೆಕೊಟ್ಟರು, ಮೇನಲ್ಲಿ ಸಂಘಟನೆ ಅದನ್ನು ಒಪ್ಪಿ ಘೋಷಿಸಿತು, ಜುಲೈನಲ್ಲಿ ಇರಾಕಿನ ಸುಲೇಮಾನಿಯಾ ಬಳಿ ಒಂದು ತಂಡ ತನ್ನ ಬಂದೂಕುಗಳನ್ನು ಸುಟ್ಟಿತು. ಆಗಸ್ಟ್‌ನಲ್ಲಿ ಸಂಸತ್ತು ಇದಕ್ಕೆಂದೇ ಒಂದು ಸಮಿತಿ ಮಾಡಿತು. ಶಸ್ತ್ರ ಒಪ್ಪಿಸುವುದು ಹೇಗೆ, ಬೆಟ್ಟದಿಂದ ಇಳಿದವರನ್ನು ಏನು ಮಾಡುವುದು ಎಂಬುದರ ಸುತ್ತ ಪತ್ರಿಕೆಗಳ ಗಮನ ಇದೆ. ನನ್ನ ಕುತೂಹಲ ಬೇರೆ ಕಡೆ. ಬಂದೂಕು ನಿಜವಾಗಿಯೂ ಹೋದರೆ, ಪಕ್ಷಗಳನ್ನು ಮುಚ್ಚಿಸಲು ಇಷ್ಟು ವರ್ಷ ಕೊಟ್ಟ ಕಾರಣವೂ ಹೋಗುತ್ತದೆ. ಆಗ 2820ನೆಯ ಕಾನೂನಿನ 81ನೆಯ ಕಲಮನ್ನು ಸಂಸತ್ತು ತೆಗೆಯುತ್ತದೆಯೋ, ಇಟ್ಟುಕೊಳ್ಳುತ್ತದೆಯೋ? ಆ ಸಮಿತಿಯ ಕೆಲಸವನ್ನು ಗಮನಿಸುವವರು ಮೊದಲು ನೋಡಬೇಕಾದ ಪುಟ ಅದು.